ಬಾಗಿಲು ಈಗ ಯಾರ ಕೈಯಲ್ಲಿದೆ? ರಿಕ್ ಪಿಟಿನೊ ಮತ್ತು ಬದಲಾದ ಕಾಲೇಜು ಬ್ಯಾಸ್ಕೆಟ್‌ಬಾಲ್

2000ದ ಮಾರ್ಚ್ 1ರ ರಾತ್ರಿ. ಬಾಸ್ಟನ್ ಸೆಲ್ಟಿಕ್ಸ್ ತಂಡ ತನ್ನದೇ ಊರಿನಲ್ಲಿ ಟೊರಾಂಟೊ ಎದುರು ಸೋತಿತ್ತು. ಕೊನೆಯ ಕ್ಷಣದಲ್ಲಿ ವಿನ್ಸ್ ಕಾರ್ಟರ್ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. ಅಲ್ಲಿಗೆ ಆಟ ಮುಗಿಯಿತು. ಪತ್ರಕರ್ತರ ಮುಂದೆ ಬಂದ ಕೋಚ್ ರಿಕ್ ಪಿಟಿನೊ ಅವರ ತಾಳ್ಮೆಯೂ ಅಷ್ಟರಲ್ಲಿ ಮುಗಿದಿತ್ತು. ಲ್ಯಾರಿ ಬರ್ಡ್ ಆ ಬಾಗಿಲಿನಿಂದ ಒಳಗೆ ಬರುವುದಿಲ್ಲ ಎಂದರು. ಕೆವಿನ್ ಮೆಕ್‌ಹೇಲ್ ಬರುವುದಿಲ್ಲ, ರಾಬರ್ಟ್ ಪ್ಯಾರಿಶ್ ಬರುವುದಿಲ್ಲ. ಬಂದರೂ ಅವರಿಗೆ ಈಗ ತಲೆ ನರೆತಿರುತ್ತದೆ, ವಯಸ್ಸಾಗಿರುತ್ತದೆ ಎಂದರು.

ಈ ಮೂವರು 1980ರ ದಶಕದಲ್ಲಿ ಸೆಲ್ಟಿಕ್ಸ್‌ಗೆ ಮೂರು ಪ್ರಶಸ್ತಿ ತಂದುಕೊಟ್ಟವರು. ಬಾಸ್ಟನ್ ಜನ ಅವರನ್ನೇ ನೆನೆಸಿಕೊಂಡು ಕೊರಗುತ್ತಿದ್ದರು. ಹಳೆಯದನ್ನು ಬಿಟ್ಟುಬಿಡಿ, ಇರುವ ಹುಡುಗರನ್ನು ನೋಡಿ ಎನ್ನುವುದು ಪಿಟಿನೊ ಮಾತಿನ ಅರ್ಥ. ಹತ್ತು ತಿಂಗಳ ನಂತರ, 2001ರ ಜನವರಿಯಲ್ಲಿ, ಆ ಬಾಗಿಲಿನಿಂದ ಹೊರಗೆ ಹೋದವರು ಅವರೇ. ಸೆಲ್ಟಿಕ್ಸ್‌ನಲ್ಲಿ ಅವರ ಲೆಕ್ಕ 102 ಗೆಲುವು, 146 ಸೋಲು.

ಅದಾಗಿ ಕಾಲು ಶತಮಾನ ಕಳೆದಿದೆ. 2025ರ ಮಾರ್ಚ್‌ನಲ್ಲಿ ಅದೇ ಪಿಟಿನೊ, 72ರ ವಯಸ್ಸಿನಲ್ಲಿ, ನ್ಯೂಯಾರ್ಕ್‌ನ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯವನ್ನು ಬಿಗ್ ಈಸ್ಟ್ ಲೀಗ್‌ನ ಚಾಂಪಿಯನ್ ಮಾಡಿದರು. ಲೀಗ್ ಹಂತದಲ್ಲೂ ಅದೇ ತಂಡ ಮೊದಲು, ಕೊನೆಯ ಪಂದ್ಯಾವಳಿಯಲ್ಲೂ ಅದೇ ಮೊದಲು. ವೃತ್ತಿಪರ ಲೀಗ್‌ನಲ್ಲಿ ಎಡವಿ ಬಿದ್ದ ಕಾಲೇಜು ಕೋಚ್ ಒಬ್ಬರು, ಕಾಲೇಜು ಆಟವೇ ವೃತ್ತಿಪರವಾದ ಕಾಲದಲ್ಲಿ ಮತ್ತೆ ಎದ್ದು ನಿಂತಿದ್ದು ಹೇಗೆ? ಈಗ ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರೆ ಸಾಕು ಅನ್ನಿಸುತ್ತದೆ ನನಗೆ.

ಮೊದಲು ಎರಡು ಲೋಕಗಳ ಪರಿಚಯ ಆಗಬೇಕು. ಎನ್‌ಬಿಎ ಅಂದರೆ 30 ತಂಡಗಳ ವೃತ್ತಿಪರ ಲೀಗ್. ಒಂದು ಸೀಸನ್‌ನಲ್ಲಿ ಪ್ರತಿ ತಂಡಕ್ಕೂ 82 ಪಂದ್ಯ. ಕಾಲೇಜು ಆಟವನ್ನು ನಡೆಸುವುದು ಎನ್‌ಸಿಎಎ. ಅದರ ಮೊದಲ ದರ್ಜೆಯಲ್ಲೇ 360ಕ್ಕೂ ಜಾಸ್ತಿ ಕಾಲೇಜುಗಳಿವೆ. ಒಂದು ತಂಡ ಆಡುವುದು 35 ಪಂದ್ಯಗಳ ಆಸುಪಾಸು. ಮಾರ್ಚ್ ಬಂತೆಂದರೆ ಆಯ್ದ 68 ತಂಡಗಳ ನಾಕೌಟ್. ಸೋತರೆ ಮನೆಗೆ.

ಕಾಲೇಜು ಕೋಚ್ ಅಂದರೆ ನಮ್ಮ ಗರಡಿಮನೆಯ ಉಸ್ತಾದ್ ಇದ್ದ ಹಾಗೆ ಅಂದುಕೊಳ್ಳಿ. ಹುಡುಗರನ್ನು ಆರಿಸುವವರು ಅವರೇ, ಏಳುವ ಹೊತ್ತು ಹೇಳುವವರು ಅವರೇ, ಯಾರನ್ನು ಅಖಾಡಕ್ಕೆ ಇಳಿಸಬೇಕು ಎಂದು ತೀರ್ಮಾನಿಸುವವರೂ ಅವರೇ. ಎನ್‌ಬಿಎ ಕೋಚ್ ಸ್ಥಿತಿ ಐಪಿಎಲ್ ಕೋಚ್‌ಗೆ ಹತ್ತಿರ. ಆಟಗಾರನ ಸಂಬಳ ಕೋಚ್‌ಗಿಂತ ಎಷ್ಟೋ ಪಾಲು ಹೆಚ್ಚು. ತಂಡ ಸತತವಾಗಿ ಸೋತರೆ ಹದಿನೈದು ಆಟಗಾರರನ್ನು ಬದಲಾಯಿಸುವುದು ಕಷ್ಟ, ಒಬ್ಬ ಕೋಚ್‌ನನ್ನು ಬದಲಾಯಿಸುವುದು ಸುಲಭ.

ಆದರೆ ಸಂಬಳಕ್ಕಿಂತ ದೊಡ್ಡ ವ್ಯತ್ಯಾಸ ಒಂದಿದೆ. ಬಿಟ್ಟು ಹೋಗುವ ಹಕ್ಕು ಯಾರಿಗಿದೆ ಎನ್ನುವುದು. ಹಳೆಯ ಕಾಲೇಜು ಪದ್ಧತಿಯಲ್ಲಿ ಆ ಹಕ್ಕು ಕೋಚ್‌ಗೆ ಇತ್ತು, ಆಟಗಾರನಿಗೆ ಬಹುಮಟ್ಟಿಗೆ ಇರಲಿಲ್ಲ. ಹುಡುಗ ಬೇರೆ ಕಾಲೇಜಿಗೆ ಹೋದರೆ ಒಂದು ಇಡೀ ವರ್ಷ ಆಡದೆ ಕೂರಬೇಕಿತ್ತು. ಇಪ್ಪತ್ತರ ಹುಡುಗನಿಗೆ ಒಂದು ವರ್ಷ ಅಂದರೆ ಏನು ಸುಮ್ನೇನಾ?

ಪಿಟಿನೊ ಅವರ ವೃತ್ತಿಜೀವನ ಪೂರ್ತಿ ಈ ಹಕ್ಕಿನ ಮೇಲೆ ನಿಂತಿದೆ. 1978ರಲ್ಲಿ, ಇನ್ನೂ 26 ತುಂಬುವ ಮೊದಲೇ, ಬಾಸ್ಟನ್ ವಿಶ್ವವಿದ್ಯಾಲಯದ ಕೋಚ್ ಆದರು. 1983ರಲ್ಲಿ ಅದನ್ನು ಬಿಟ್ಟು ಎನ್‌ಬಿಎಯ ನ್ಯೂಯಾರ್ಕ್ ನಿಕ್ಸ್‌ನಲ್ಲಿ ಹ್ಯೂಬಿ ಬ್ರೌನ್ ಅವರಿಗೆ ಸಹಾಯಕರಾದರು. 1985ರಲ್ಲಿ ಪ್ರಾವಿಡೆನ್ಸ್ ಕಾಲೇಜು. 1987ರಲ್ಲಿ ಮತ್ತೆ ನಿಕ್ಸ್, ಈ ಸಲ ಮುಖ್ಯ ಕೋಚ್. 1989ರಲ್ಲಿ ಕೆಂಟಕಿ. ಪ್ರತಿ ಸಲವೂ ಅವರು ಹೊರಟಾಗ ಹಿಂದೆ ಉಳಿದ ಹುಡುಗರು ಹೊಸ ಕೋಚ್‌ಗೆ ಒಗ್ಗಿಕೊಳ್ಳಬೇಕಾಯಿತು. ಅವರು ಮಾತ್ರ ಮರುದಿನವೇ ಹೊಸ ಊರಲ್ಲಿ ಸೀಟಿ ಊದಬಹುದಿತ್ತು. ಇದು ಪಿಟಿನೊ ಒಬ್ಬರ ತಪ್ಪಲ್ಲ. ಎಷ್ಟೋ ಕೋಚ್‌ಗಳು ಹಾಗೇ ಮಾಡಿದರು, ನಿಯಮವೇ ಹಾಗಿತ್ತು.

ಪ್ರಾವಿಡೆನ್ಸ್‌ನ ಆ ಎರಡು ವರ್ಷಗಳನ್ನು ಹಾಗೇ ದಾಟಿಬಿಡಲು ಮನಸ್ಸಾಗುತ್ತಿಲ್ಲ. 1986-87ರಲ್ಲಿ ಮೂರು ಅಂಕದ ಗೆರೆ ಕಾಲೇಜು ಆಟಕ್ಕೆ ದೇಶದಾದ್ಯಂತ ಬಂತು. ದೂರದಿಂದ ಹೊಡೆದರೆ ಎರಡರ ಬದಲು ಮೂರು ಅಂಕ. ತುಂಬಾ ಕೋಚ್‌ಗಳಿಗೆ ಅದು ಹಿಡಿಸಲಿಲ್ಲ. ಪಿಟಿನೊ ಮಾತ್ರ ಮೊದಲ ದಿನದಿಂದಲೇ ಅದನ್ನು ಗಟ್ಟಿಯಾಗಿ ಹಿಡಿದರು. ಅವರ ಕೈಲಿದ್ದದ್ದು ದೊಡ್ಡ ಹೆಸರಿನ ತಂಡವೇನಲ್ಲ. ಬಿಲ್ಲಿ ಡೊನೊವನ್ ಎಂಬ ಗಿಡ್ಡ ಗಾರ್ಡ್, ಅಂದರೆ ಚೆಂಡನ್ನು ಮುಂದೆ ಒಯ್ಯುವ ಆಟಗಾರ, ಒಬ್ಬರಿದ್ದರು. ಆ ಹುಡುಗರನ್ನೇ ಕಟ್ಟಿಕೊಂಡು 1987ರಲ್ಲಿ ಕೊನೆಯ ನಾಲ್ಕರ ಹಂತ ಮುಟ್ಟಿದರು. ಇವತ್ತು ಎನ್‌ಬಿಎಯಲ್ಲಿ ಪ್ರತಿ ತಂಡವೂ ಮೂರು ಅಂಕದ ಗೆರೆಯ ಆಚೆಯಿಂದಲೇ ಆಟ ಕಟ್ಟುತ್ತದೆ. ಅದನ್ನು ಮೊದಲೇ ಕಂಡ ಕೆಲವರಲ್ಲಿ ಇವರೂ ಒಬ್ಬರು.

ಕೆಂಟಕಿಗೆ ಬರೋಣ. 1989ರಲ್ಲಿ ಪಿಟಿನೊ ಅಲ್ಲಿಗೆ ಹೋದಾಗ ಆ ಕಾಲೇಜು ನಿಯಮ ಮುರಿದ ತಪ್ಪಿಗೆ ಶಿಕ್ಷೆ ಅನುಭವಿಸುತ್ತಿತ್ತು. ಎರಡು ವರ್ಷ ಮಾರ್ಚ್ ಪಂದ್ಯಾವಳಿಗೆ ಪ್ರವೇಶ ಇಲ್ಲ. ಮೊದಲ ವರ್ಷ ಟಿವಿಯಲ್ಲಿ ನೇರ ಪ್ರಸಾರವೂ ಇಲ್ಲ. ಒಳ್ಳೆಯ ಆಟಗಾರರು ಜಾಗ ಖಾಲಿ ಮಾಡಿದ್ದರು. ಸ್ಕಾಲರ್‌ಶಿಪ್ ಮೇಲೆ ಉಳಿದಿದ್ದವರು ಎಂಟೇ ಜನ. ಆ ವರ್ಷ ತಂಡ 14 ಗೆದ್ದಿತು, 14 ಸೋತಿತು.

ಉಳಿದವರಲ್ಲಿ ನಾಲ್ವರ ಹೆಸರು ಕೆಂಟಕಿಯಲ್ಲಿ ಇವತ್ತಿಗೂ ಮನೆಮಾತು. ರಿಚೀ ಫಾರ್ಮರ್, ಡೆರಾನ್ ಫೆಲ್ಡ್‌ಹೌಸ್, ಜಾನ್ ಪೆಲ್‌ಫ್ರಿ, ಶಾನ್ ವುಡ್ಸ್. ಕಾಲೇಜಿಗೆ ಕೆಟ್ಟ ಹೆಸರು ಬಂದಾಗಲೂ ಅದನ್ನು ಬಿಡದೆ ನಿಂತವರು. ಇವರಲ್ಲಿ ಯಾರೂ ಮುಂದೆ ಎನ್‌ಬಿಎ ತಾರೆ ಆಗಲಿಲ್ಲ. ಪಿಟಿನೊ ಇವರನ್ನು ಓಡಿಸಿ ಓಡಿಸಿ ತಯಾರು ಮಾಡಿದರು. 1992ರ ಮಾರ್ಚ್ 28ರಂದು ಫಿಲಡೆಲ್ಫಿಯಾದಲ್ಲಿ ಅವರು ಹಿಂದಿನ ವರ್ಷದ ಚಾಂಪಿಯನ್ ಡ್ಯೂಕ್ ಎದುರು ಹೆಚ್ಚುವರಿ ಸಮಯದವರೆಗೂ ಆಡಿದರು. 2.1 ಸೆಕೆಂಡ್ ಉಳಿದಾಗ ಕೆಂಟಕಿ ಒಂದು ಅಂಕ ಮುಂದಿತ್ತು. ಡ್ಯೂಕ್‌ನ ಗ್ರಾಂಟ್ ಹಿಲ್ ಅಂಕಣದ ಆ ತುದಿಯಿಂದ ಚೆಂಡನ್ನು ಎಸೆದರು. ಕ್ರಿಶ್ಚಿಯನ್ ಲೇಟ್ನರ್ ಹಿಡಿದು, ತಿರುಗಿ, ಹೊಡೆದರು. 104-103. ಚೆಂಡು ಎಸೆಯುವ ಹಿಲ್ ಮುಂದೆ ಪಿಟಿನೊ ಯಾರನ್ನೂ ನಿಲ್ಲಿಸಿರಲಿಲ್ಲ. ಆ ತೀರ್ಮಾನದ ಬಗ್ಗೆ ಜನ ಇನ್ನೂ ಚರ್ಚೆ ಮಾಡುತ್ತಾರೆ. ಕೆಂಟಕಿ ಆ ನಾಲ್ವರ ಜೆರ್ಸಿಗಳನ್ನು ತನ್ನ ಕ್ರೀಡಾಂಗಣ ರಪ್ ಅರೀನಾದ ಮಾಡಿಗೆ ಏರಿಸಿತು.

ಪಿಟಿನೊ ತಂಡಗಳ ಗುರುತು ಪ್ರೆಸ್. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮುಂದೆ ಬಾಸ್ಟನ್‌ನಲ್ಲಿ ಏನಾಯಿತು ಎನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ಸಾಮಾನ್ಯವಾಗಿ ಒಂದು ತಂಡ ಅಂಕ ಗಳಿಸಿದ ಮೇಲೆ ತನ್ನ ಬುಟ್ಟಿ ಕಾಯಲು ಹಿಂದೆ ಓಡುತ್ತದೆ. ಪಿಟಿನೊ ಹುಡುಗರು ಓಡುವುದಿಲ್ಲ. ಗೆರೆಯ ಆಚೆಯಿಂದ ಚೆಂಡು ಒಳಗೆ ಎಸೆಯುವವನ ಮುಂದೆ ಒಬ್ಬ ಕೈ ಚಾಚಿ ಕುಣಿಯುತ್ತಾನೆ. ಚೆಂಡು ಹಿಡಿದ ಗಾರ್ಡ್‌ಗೆ ಅಂಚಿನ ಕಡೆ ದಾರಿ ಬಿಡುತ್ತಾರೆ. ಅದು ಬೇಕೆಂದೇ ಬಿಟ್ಟ ದಾರಿ. ಅವನು ನಡುಗೆರೆ ದಾಟುತ್ತಿದ್ದ ಹಾಗೆ ಇನ್ನೊಬ್ಬ ಬಂದು ಅಡ್ಡ ನಿಲ್ಲುತ್ತಾನೆ. ಒಂದು ಕಡೆ ಅಂಚಿನ ಗೆರೆ, ಹಿಂದೆ ವಾಪಸ್ ದಾಟುವಂತಿಲ್ಲದ ನಡುಗೆರೆ, ಎದುರಿಗೆ ಇಬ್ಬರು. ನಾಲ್ಕೂ ಕಡೆ ಗೋಡೆ. ಗಾಬರಿಯಾಗಿ ಅವನು ತಲೆಯ ಮೇಲಿಂದ ಚೆಂಡು ಎಸೆಯುತ್ತಾನೆ. ಮೂರನೆಯವನು ಅದಕ್ಕೇ ಕಾಯುತ್ತಿರುತ್ತಾನೆ.

ಪ್ರತಿ ಸಲ ಚೆಂಡು ಸಿಗುವುದಿಲ್ಲ. ಸಿಗಬೇಕಾಗಿಯೂ ಇಲ್ಲ. ಎದುರಾಳಿಯ ಗಾರ್ಡ್ ಪ್ರತಿ ಸಲವೂ ಹತ್ತು ಹೆಜ್ಜೆ ಜಾಸ್ತಿ ಓಡಿದರೆ ಸಾಕು. ಮೊದಲರ್ಧದಲ್ಲಿ ಏನೂ ಕಾಣುವುದಿಲ್ಲ. ಕೊನೆಯ ಹತ್ತು ನಿಮಿಷ ಉಳಿದಾಗ ಅವನ ಮಂಡಿ ಬಾಗುವುದಿಲ್ಲ, ಹೊಡೆದ ಚೆಂಡು ಬುಟ್ಟಿಯ ಮುಂದಿನ ಕಂಬಿಗೇ ಬಡಿದು ಬೀಳುತ್ತದೆ. ತಮ್ಮ ಹುಡುಗರು ಎಷ್ಟು ಸಲ ಚೆಂಡಿಗೆ ಬೆರಳು ತಾಗಿಸಿದರು ಎಂದು ಪಿಟಿನೊ ಲೆಕ್ಕ ಇಡಿಸುತ್ತಿದ್ದರು. ಒಂದು ಪಂದ್ಯಕ್ಕೆ 35 ಅವರ ಗುರಿ.

ಇಂಥ ಆಟ ಆಡಿಸಲು ಏನು ಬೇಕು ನೋಡಿ. ಸರದಿಯ ಮೇಲೆ ದಣಿಯದೆ ಓಡುವ ಒಂಬತ್ತು ಹತ್ತು ಜನ ಬೇಕು. ಬೆಳಗಾಗುವ ಮೊದಲೇ ಎದ್ದು ಓಡು ಎಂದರೆ ಓಡುವವರು ಬೇಕು. ಆಗಲ್ಲ ಎಂದರೆ ಹೋಗಲು ಬೇರೆ ಜಾಗ ಇಲ್ಲದವರು ಬೇಕು. 1996ರಲ್ಲಿ ಕೆಂಟಕಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಪಿಟಿನೊ ಕೈಯಲ್ಲಿ ಇದೆಲ್ಲವೂ ಇತ್ತು. ಆ ತಂಡದ ಒಂಬತ್ತು ಜನ ಮುಂದೆ ಎನ್‌ಬಿಎಯಲ್ಲಿ ಆಡಿದರು. ಬೇರೆ ಕಡೆ ಇದ್ದಿದ್ದರೆ ನಾಯಕರಾಗುತ್ತಿದ್ದ ಹುಡುಗರು ಇಲ್ಲಿ ಬೆಂಚಿನಿಂದ ಎದ್ದು ಬಂದು ಹತ್ತು ಹದಿನೈದು ನಿಮಿಷ ಜೀವ ಬಿಟ್ಟು ಓಡಿ ಮತ್ತೆ ಕೂರುತ್ತಿದ್ದರು.

1997ರಲ್ಲಿ ಸೆಲ್ಟಿಕ್ಸ್ ಕರೆಯಿತು. ಹತ್ತು ವರ್ಷಕ್ಕೆ ಸುಮಾರು 7 ಕೋಟಿ ಡಾಲರ್ ಎಂದು ಆಗ ವರದಿಯಾಗಿತ್ತು. ಕೋಚ್ ಹುದ್ದೆ ಮಾತ್ರ ಅಲ್ಲ, ತಂಡದ ಅಧ್ಯಕ್ಷ ಪದವಿಯೂ ಬಂತು. ಸೆಲ್ಟಿಕ್ಸ್ ಎಂಬ ಮನೆ ಕಟ್ಟಿದ ರೆಡ್ ಆವರ್‌ಬ್ಯಾಕ್ ಹೆಸರಿನ ಜೊತೆ ಇದ್ದ ಪದವಿ ಅದು. ಹಿಂದಿನ ಸೀಸನ್‌ನಲ್ಲಿ ತಂಡ 82ರಲ್ಲಿ 67 ಸೋತಿತ್ತು. ಹಾಗಾಗಿ ಡ್ರಾಫ್ಟ್ ಲಾಟರಿಯಲ್ಲಿ, ಅಂದರೆ ಹೊಸ ಆಟಗಾರರನ್ನು ಮೊದಲು ಆರಿಸುವ ಸರದಿಗೆ ಸೋತ ತಂಡಗಳ ನಡುವೆ ಎತ್ತುವ ಚೀಟಿಯಲ್ಲಿ, ಟಿಮ್ ಡಂಕನ್ ಎಂಬ ಅಪರೂಪದ ಆಟಗಾರ ಸಿಗುವ ಅವಕಾಶ ಎಲ್ಲರಿಗಿಂತ ಹೆಚ್ಚು ಇದ್ದದ್ದು ಸೆಲ್ಟಿಕ್ಸ್‌ಗೇ. ಲಾಟರಿ ಕೈಕೊಟ್ಟಿತು. ಡಂಕನ್ ಸ್ಯಾನ್ ಆಂಟೋನಿಯೊಗೆ ಹೋಗಿ ಐದು ಪ್ರಶಸ್ತಿ ಗೆದ್ದರು. ಬಾಸ್ಟನ್‌ಗೆ ಸಿಕ್ಕಿದ್ದು ಮೂರನೆಯ ಮತ್ತು ಆರನೆಯ ಆಯ್ಕೆ.

ದುರದೃಷ್ಟ ಅಂತ ಇಲ್ಲಿಗೆ ಬಿಟ್ಟುಬಿಡಬಹುದು. ಆದರೆ ಆಮೇಲಿನದು ಅದೃಷ್ಟದ ಮಾತಲ್ಲ. ಮೂರನೆಯ ಆಯ್ಕೆಯಲ್ಲಿ ಪಿಟಿನೊ ಚಾನ್ಸಿ ಬಿಲಪ್ಸ್ ಅವರನ್ನು ತಂದರು. 51 ಪಂದ್ಯ ಆದ ಮೇಲೆ ಟೊರಾಂಟೊಗೆ ಕೊಟ್ಟುಬಿಟ್ಟರು. ಒಂದು ಸೀಸನ್ ಕೂಡ ಮುಗಿದಿರಲಿಲ್ಲ. ಟ್ರಾವಿಸ್ ನೈಟ್ ಎಂಬ ಎತ್ತರದ ಆಟಗಾರನಿಗೆ ಏಳು ವರ್ಷದ ಒಪ್ಪಂದ ಕೊಡಲು ರಿಕ್ ಫಾಕ್ಸ್ ಅವರನ್ನು ಕೈಬಿಟ್ಟರು. ನೈಟ್ ಒಂದೇ ವರ್ಷದಲ್ಲಿ ಬೇರೆ ತಂಡಕ್ಕೆ ಹೋದರು. ಫಾಕ್ಸ್ ಲೇಕರ್ಸ್ ಸೇರಿ ಮೂರು ಪ್ರಶಸ್ತಿ ಗೆದ್ದರು. ಬಿಲಪ್ಸ್ 2004ರಲ್ಲಿ ಡೆಟ್ರಾಯಿಟ್ ಪರ ಆಡಿ ಫೈನಲ್‌ನ ಶ್ರೇಷ್ಠ ಆಟಗಾರ ಎನಿಸಿಕೊಂಡರು.

ಕಾಲೇಜಿನಲ್ಲಿ ಪ್ರತಿ ವರ್ಷ ಹೊಸ ಹುಡುಗರು ಬರುತ್ತಾರೆ. ಒಂದು ಆಯ್ಕೆ ತಪ್ಪಾದರೆ ಮುಂದಿನ ವರ್ಷ ಸರಿಮಾಡಬಹುದು. ಎನ್‌ಬಿಎಯಲ್ಲಿ ಒಪ್ಪಂದ ವರ್ಷಗಟ್ಟಲೆ ಕುತ್ತಿಗೆಗೆ ಬೀಳುತ್ತದೆ. ಕಾಲೇಜಿನ ಅವಸರವನ್ನು ಪಿಟಿನೊ ಅಲ್ಲಿಗೂ ಹೊತ್ತುಕೊಂಡು ಹೋದರು. ಪ್ರೆಸ್ ಕೂಡ ಹೋಯಿತು. ಮೊದಲ ರಾತ್ರಿ ಅದು ಕೆಲಸವನ್ನೂ ಮಾಡಿತು. 1997ರ ಅಕ್ಟೋಬರ್ 31ರಂದು ಸೆಲ್ಟಿಕ್ಸ್ ಮೈಕೆಲ್ ಜೋರ್ಡನ್ ಅವರ ಶಿಕಾಗೊ ಬುಲ್ಸ್ ತಂಡವನ್ನೇ ಸೋಲಿಸಿತು. ಊರೆಲ್ಲ ಹಬ್ಬ. ಆದರೆ 82 ಪಂದ್ಯ ಅದೇ ರೀತಿ ಓಡಲು ಮನುಷ್ಯರ ಕಾಲು ಕೇಳುವುದಿಲ್ಲ. ಎನ್‌ಬಿಎ ಗಾರ್ಡ್‌ಗಳು ಪ್ರಪಂಚದಲ್ಲೇ ಚೆಂಡನ್ನು ಚೆನ್ನಾಗಿ ನಿಭಾಯಿಸುವವರು. ಇಬ್ಬರು ಬಂದು ಮುತ್ತಿದರೆ ಒಂದೇ ಪಾಸ್‌ನಲ್ಲಿ ತಪ್ಪಿಸಿಕೊಂಡು ಆಚೆ ಸುಲಭದ ಅಂಕ ಗಳಿಸುತ್ತಾರೆ. ಮೂವತ್ತರ ಆಟಗಾರನಿಗೆ ಬೆಳಗಿನ ಜಾವ ಓಡು ಎಂದರೆ ಅವನು ಓಡಬೇಕೆಂದೇನಿಲ್ಲ.

ಕಾಲೇಜು ಕೋಚ್‌ಗಳಿಗೆ ಎನ್‌ಬಿಎ ಆಗಿಬರುವುದಿಲ್ಲ ಎಂದು ಇದನ್ನೇ ತೋರಿಸಿ ಹೇಳುವವರಿದ್ದಾರೆ. ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 1988-89ರಲ್ಲಿ ಇದೇ ಪಿಟಿನೊ ಇದೇ ಪ್ರೆಸ್ ಇಟ್ಟುಕೊಂಡು ನಿಕ್ಸ್ ತಂಡಕ್ಕೆ 52 ಗೆಲುವು ಕೊಡಿಸಿದ್ದರು. ಅಲ್ಲಿ ಅವರ ಮೇಲೆ ಅಲ್ ಬಿಯಾಂಕಿ ಎಂಬ ಜನರಲ್ ಮ್ಯಾನೇಜರ್ ಇದ್ದರು, ಇಬ್ಬರಿಗೂ ಸರಿ ಬರುತ್ತಿರಲಿಲ್ಲ. ಆ ಜಗಳವೇ ಅವರನ್ನು ಒಂದು ಅಳತೆಯಲ್ಲಿ ಇಟ್ಟಿತ್ತು ಅಂತ ನನಗೆ ಅನ್ನಿಸುತ್ತದೆ. ಬಾಸ್ಟನ್‌ನಲ್ಲಿ ಬೇಡ ಎನ್ನುವವರು ಯಾರೂ ಇರಲಿಲ್ಲ.

ಉಳಿದವರ ಕಥೆಗಳೂ ಒಂದೇ ತರ ಇಲ್ಲ. ಜಾನ್ ಕ್ಯಾಲಿಪಾರಿ 1996ರಲ್ಲಿ ನ್ಯೂಜೆರ್ಸಿ ನೆಟ್ಸ್‌ಗೆ ಹೋದರು, 1999ರಲ್ಲಿ 20 ಪಂದ್ಯಗಳಲ್ಲಿ 17 ಸೋತ ಮೇಲೆ ಕೆಲಸ ಹೋಯಿತು. ಜಾನ್ ಬೈಲೈನ್ ಮಿಶಿಗನ್‌ನಿಂದ 2019ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹೋಗಿ ಒಂದು ಸೀಸನ್ ಕೂಡ ಪೂರೈಸಲಿಲ್ಲ. ಬ್ರಾಡ್ ಸ್ಟೀವನ್ಸ್ ಮಾತ್ರ ಬಟ್ಲರ್ ಎಂಬ ಚಿಕ್ಕ ಕಾಲೇಜನ್ನು 2010 ಮತ್ತು 2011ರಲ್ಲಿ ಫೈನಲ್‌ಗೆ ಒಯ್ದು, 2013ರಲ್ಲಿ ಸೆಲ್ಟಿಕ್ಸ್ ಕೋಚ್ ಆಗಿ, ಎಂಟು ವರ್ಷ ನಿಂತು, ಆಮೇಲೆ ತಂಡದ ಆಡಳಿತ ವಹಿಸಿಕೊಂಡರು. 2024ರಲ್ಲಿ ಸೆಲ್ಟಿಕ್ಸ್ ಪ್ರಶಸ್ತಿ ಗೆದ್ದಿದ್ದು ಅವರು ಕಟ್ಟಿದ ತಂಡದಿಂದ. ಪ್ರಾವಿಡೆನ್ಸ್‌ನ ಆ ಗಿಡ್ಡ ಗಾರ್ಡ್ ಬಿಲ್ಲಿ ಡೊನೊವನ್ ಫ್ಲೋರಿಡಾದಲ್ಲಿ 2006 ಮತ್ತು 2007ರಲ್ಲಿ ಎರಡು ಪ್ರಶಸ್ತಿ ಗೆದ್ದು, 2015ರಿಂದ ಎನ್‌ಬಿಎಯಲ್ಲಿ ವರ್ಷಗಟ್ಟಲೆ ಉಳಿದರು. ಎರಡೂ ಕಡೆ ಪ್ರಶಸ್ತಿ ಗೆದ್ದ ಕೋಚ್ ಒಬ್ಬರೇ, ಲ್ಯಾರಿ ಬ್ರೌನ್. 1988ರಲ್ಲಿ ಕ್ಯಾನ್ಸಸ್, 2004ರಲ್ಲಿ ಡೆಟ್ರಾಯಿಟ್. ಆ ಡೆಟ್ರಾಯಿಟ್ ತಂಡದ ಗಾರ್ಡ್ ಪಿಟಿನೊ ಬೇಡವೆಂದ ಬಿಲಪ್ಸ್.

ಸ್ಟೀವನ್ಸ್ ಆಗಲಿ ಬ್ರೌನ್ ಆಗಲಿ ಗೆದ್ದಾಗ ಕೋಚ್ ಮತ್ತು ಆಟಗಾರರನ್ನು ಕೊಂಡು ತರುವವರು ಬೇರೆ ಬೇರೆ ಇದ್ದರು. ಪಿಟಿನೊ ಎರಡನ್ನೂ ಒಬ್ಬರೇ ಹಿಡಿದಿದ್ದರು, ನೆಟ್ಸ್‌ನಲ್ಲಿ ಕ್ಯಾಲಿಪಾರಿಗೂ ಆಟಗಾರರ ಆಯ್ಕೆಯಲ್ಲಿ ದೊಡ್ಡ ಅಧಿಕಾರ ಇತ್ತು. ಗರಡಿಯ ಅಧಿಕಾರವನ್ನು ಹಾಗೇ ಎತ್ತಿಕೊಂಡು ಹೋದವರು ಎಡವಿದರು.

2001ರಲ್ಲಿ ಪಿಟಿನೊ ಮತ್ತೆ ಗರಡಿಗೇ ಬಂದರು. ಈ ಸಲ ಲೂಯಿವಿಲ್. ಅದು ಕೆಂಟಕಿಯ ಬದ್ಧ ಎದುರಾಳಿ. ಹಳೆಯ ಅಭಿಮಾನಿಗಳಿಗೆ ಅದು ಮನೆ ಮುರಿದ ಹಾಗೆ ಕಂಡಿತು. ಅಲ್ಲಿ 16 ವರ್ಷ ಇದ್ದರು. 2013ರಲ್ಲಿ ಬೈಲೈನ್ ಅವರ ಮಿಶಿಗನ್ ತಂಡವನ್ನು 82-76ರಿಂದ ಸೋಲಿಸಿ ಪ್ರಶಸ್ತಿ ಗೆದ್ದರು. ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಪ್ರಕಟವಾಗಿದ್ದೂ ಅದೇ ದಿನ.

ಆಮೇಲೆ ಬಂದದ್ದನ್ನು ಮುಚ್ಚಿಡುವಂತಿಲ್ಲ. ತಂಡದ ಸಿಬ್ಬಂದಿಯೊಬ್ಬರು ಹಾಸ್ಟೆಲ್‌ಗೆ ಹೆಂಗಸರನ್ನು ಕರೆಸಿ ಆಟಗಾರರಿಗೆ, ಸೇರಲು ಬಂದ ಹುಡುಗರಿಗೆ ಪಾರ್ಟಿ ಏರ್ಪಡಿಸಿದ ಸಂಗತಿ 2015ರಲ್ಲಿ ಹೊರಬಂತು. ತಮಗೆ ಗೊತ್ತಿರಲಿಲ್ಲ ಎಂದರು ಪಿಟಿನೊ. ಸಿಬ್ಬಂದಿಯ ಮೇಲೆ ಅವರು ಸರಿಯಾಗಿ ಕಣ್ಣಿಡಲಿಲ್ಲ ಎಂದಿತು ಎನ್‌ಸಿಎಎ. 2018ರಲ್ಲಿ ಆ 2013ರ ಪ್ರಶಸ್ತಿಯನ್ನೇ ದಾಖಲೆಯಿಂದ ಅಳಿಸಿತು, ಬ್ಯಾನರ್ ಕೆಳಗಿಳಿಯಿತು. ಚೆಂಡಿಗೆ ತಾಗಿದ ಬೆರಳನ್ನೂ ಎಣಿಸುತ್ತಿದ್ದ ಕೋಚ್ ತಮ್ಮ ಹುಡುಗರು ಮಲಗುವ ಜಾಗದ ಬಗ್ಗೆಯೂ ಅಷ್ಟೇ ಎಚ್ಚರ ಇಡಬೇಕಿತ್ತು. ಆ ಜವಾಬ್ದಾರಿ ಅವರದೇ ಎಂದು ನಾನು ನಂಬುತ್ತೇನೆ. ಅಪ್ಪ ಅಮ್ಮ ಮಕ್ಕಳನ್ನು ಅವರ ಕೈಗೆ ಒಪ್ಪಿಸಿದ್ದರು ಅಲ್ವಾ?

ಎರಡನೆಯ ಏಟು 2017ರ ಸೆಪ್ಟೆಂಬರ್‌ನಲ್ಲಿ ಬಿತ್ತು. ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಗುಟ್ಟಾಗಿ ಹಣ ಓಡಾಡುತ್ತಿದೆ ಎಂದು ಎಫ್‌ಬಿಐ ಪ್ರಕರಣ ಹೊರಗೆಡವಿತು. ಒಬ್ಬ ಹುಡುಗ ಲೂಯಿವಿಲ್ ಸೇರಲಿ ಎಂದು ಅವನ ಮನೆಯವರಿಗೆ 1 ಲಕ್ಷ ಡಾಲರ್ ಕೊಡಿಸುವ ಏರ್ಪಾಡು ನಡೆದಿತ್ತು, ಶೂ ಕಂಪನಿ ಅಡಿಡಾಸ್‌ನ ಕಡೆಯವರಿಂದ. ವಿಶ್ವವಿದ್ಯಾಲಯ ಪಿಟಿನೊ ಅವರನ್ನು ಕೆಲಸದಿಂದ ತೆಗೆಯಿತು. ಅವರ ಮೇಲೆ ಕ್ರಿಮಿನಲ್ ಕೇಸ್ ಆಗಲಿಲ್ಲ. 2022ರಲ್ಲಿ ಈ ವಿಷಯ ವಿಚಾರಿಸಿದ ಸ್ವತಂತ್ರ ಮಂಡಳಿ ಅವರಿಗೆ ಯಾವ ದಂಡವನ್ನೂ ಹಾಕಲಿಲ್ಲ. ಆದರೆ 2018ರ ಅಕ್ಟೋಬರ್‌ನಲ್ಲಿ ಆ ಹಣದ ಏರ್ಪಾಡು ಮಾಡಿದ ಮೂವರನ್ನು ನ್ಯೂಯಾರ್ಕ್ ನ್ಯಾಯಾಲಯ ತಪ್ಪಿತಸ್ಥರು ಎಂದಿತು.

ಆ ಹಣ ಆಗ ಅಪರಾಧ. ಮೂರು ವರ್ಷ ಕಳೆಯುವುದರೊಳಗೆ ಅದೇ ಹಣ ನ್ಯಾಯವಾಗತೊಡಗಿತು. 2021ರ ಏಪ್ರಿಲ್‌ನಲ್ಲಿ ಕಾಲೇಜು ಬದಲಾಯಿಸಿದವರು ವರ್ಷ ಕೂರಬೇಕು ಎಂಬ ನಿಯಮ ಸಡಿಲವಾಯಿತು. ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಂಬತ್ತಕ್ಕೆ ಒಂಬತ್ತು ನ್ಯಾಯಾಧೀಶರ ಒಪ್ಪಿಗೆಯಿಂದ, ಆಟಗಾರರ ಓದಿನ ಸೌಲಭ್ಯಗಳಿಗೆ ಮಿತಿ ಹಾಕಿದ್ದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಹಣ ಪಡೆಯಬಹುದಾಯಿತು. ಇದನ್ನೇ ಎನ್‌ಐಎಲ್ ಅನ್ನುತ್ತಾರೆ. 2024ರಲ್ಲಿ ಎಷ್ಟು ಸಲ ಬೇಕಾದರೂ ಕಾಲೇಜು ಬದಲಾಯಿಸುವ ದಾರಿ ತೆರೆಯಿತು. 2025ರ ಜೂನ್ 6ರಂದು, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಪ್ರಕರಣದ ಒಪ್ಪಂದಕ್ಕೆ ನ್ಯಾಯಾಲಯದ ಮುದ್ರೆ ಬಿತ್ತು. ಆ ಜುಲೈನಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಎಲ್ಲ ಕ್ರೀಡೆಗಳೂ ಸೇರಿ ಮೊದಲ ವರ್ಷಕ್ಕೆ ಒಂದು ಕಾಲೇಜಿನ ಮಿತಿ 2.05 ಕೋಟಿ ಡಾಲರ್. ಹಳೆಯ ಆಟಗಾರರಿಗೆ ಬಾಕಿಯಾಗಿ ಸುಮಾರು 280 ಕೋಟಿ ಡಾಲರ್ ಕೊಡಬೇಕು.

ಇದು ಆಗಬೇಕಾದದ್ದೇ. ಟಿವಿ ಹಕ್ಕಿನಿಂದ ಕೋಟಿ ಕೋಟಿ ಬರುತ್ತಿತ್ತು, ಕೋಚ್‌ಗಳಿಗೆ ಕೋಟಿಯಲ್ಲಿ ಸಂಬಳ ಹೋಗುತ್ತಿತ್ತು, ಬೆವರು ಸುರಿಸಿದ ಹುಡುಗನಿಗೆ ಮಾತ್ರ ಫೀಸು, ಊಟ, ವಸತಿ. ನಾಲ್ಕು ಕಾಸು ಅವನಿಗೂ ಸಿಗಲಿ ಎನ್ನುವುದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಈ ಬಾಗಿಲು ತೆರೆಯುವ ಹೊತ್ತಿಗೆ ಪಿಟಿನೊ ಎಲ್ಲಿದ್ದರು? ಲೂಯಿವಿಲ್ ಬಿಟ್ಟ ಮೇಲೆ ಅಮೆರಿಕದಲ್ಲಿ ಯಾರೂ ಕರೆಯಲಿಲ್ಲ. 2018ರ ಡಿಸೆಂಬರ್‌ನಲ್ಲಿ ಅಥೆನ್ಸ್‌ಗೆ ಹೋಗಿ ಪನಾಥಿನೈಕೋಸ್ ಎಂಬ ವೃತ್ತಿಪರ ಕ್ಲಬ್ ಸೇರಿದರು. 2020ರಲ್ಲಿ ನ್ಯೂಯಾರ್ಕ್ ಹತ್ತಿರದ ಅಯೋನಾ ಎಂಬ ಚಿಕ್ಕ ಕಾಲೇಜಿಗೆ ಬಂದರು. 2023ರಲ್ಲಿ ಸೇಂಟ್ ಜಾನ್ಸ್. ಆ ಕಾಲೇಜಿಗೂ ಇಂಥ ದಾರಿ ಹೊಸದಲ್ಲ. ಅಲ್ಲಿನ ಹಿರಿಯ ಕೋಚ್ ಲೂ ಕಾರ್ನೆಸೆಕ್ಕ 1970ರಲ್ಲಿ ವೃತ್ತಿಪರ ನೆಟ್ಸ್ ತಂಡಕ್ಕೆ ಹೋಗಿ ಮೂರು ವರ್ಷಕ್ಕೆ ವಾಪಸ್ ಬಂದು ಮತ್ತೆ ದಶಕಗಟ್ಟಲೆ ಅಲ್ಲೇ ಇದ್ದವರು. 2024ರ ನವೆಂಬರ್‌ನಲ್ಲಿ, 99ರ ವಯಸ್ಸಿನಲ್ಲಿ ತೀರಿಕೊಂಡರು. ಅದೇ ಸೀಸನ್‌ನಲ್ಲಿ ತಂಡ 40 ವರ್ಷದ ನಂತರ ಲೀಗ್‌ನಲ್ಲಿ ಯಾರ ಜೊತೆಗೂ ಹಂಚಿಕೊಳ್ಳದೆ ಮೊದಲ ಸ್ಥಾನ ಪಡೆಯಿತು.

ಸೇಂಟ್ ಜಾನ್ಸ್‌ನ ಮೊದಲ ವರ್ಷ ಚೆನ್ನಾಗಿರಲಿಲ್ಲ. 2024ರ ಫೆಬ್ರವರಿಯಲ್ಲಿ ಒಂದು ಸೋಲಿನ ನಂತರ ಪಿಟಿನೊ ಮತ್ತೆ ಪತ್ರಕರ್ತರ ಮುಂದೆ ಸಿಟ್ಟಾದರು. ತಮ್ಮ ಹುಡುಗರ ಕಾಲು ನಿಧಾನ ಎಂದು ಹೇಳಿಬಿಟ್ಟರು. ಜೀವನದಲ್ಲೇ ಇಷ್ಟು ಖುಷಿ ಕೊಡದ ಅನುಭವ ಇನ್ನೊಂದಿಲ್ಲ ಎಂದರು. ಓದಿದಾಗ ನನಗೆ ಬಾಸ್ಟನ್‌ನ ಆ ರಾತ್ರಿಯೇ ನೆನಪಾಯಿತು. ಅದೇ ಮನುಷ್ಯ, ಅದೇ ಸಿಟ್ಟು. ಆದರೆ 2000ದಲ್ಲಿ ಅವರಿಗೆ ಆಟಗಾರರನ್ನು ಒಮ್ಮೆಲೇ ಬದಲಾಯಿಸುವ ದಾರಿ ಇರಲಿಲ್ಲ. 2024ರಲ್ಲಿ ಇತ್ತು. ಮುಂದಿನ ಸೀಸನ್‌ಗೆ ಸೀಟನ್ ಹಾಲ್‌ನಿಂದ ಕಡಾರಿ ರಿಚ್ಮಂಡ್, ಯೂಟಾದಿಂದ ಡೈವಾನ್ ಸ್ಮಿತ್ ಬಂದರು. ಮೊದಲೇ ಮ್ಯಾಸಚೂಸೆಟ್ಸ್‌ನಿಂದ ಬಂದಿದ್ದ ಆರ್‌ಜೆ ಲೂಯಿಸ್, ಕ್ಯಾನ್ಸಸ್‌ನಿಂದ ಬಂದಿದ್ದ ಜೂಬಿ ಎಜಿಯೋಫೋರ್ ಇದ್ದರು. ಮೈಕ್ ರೆಪೋಲ್ ಎಂಬ ಹಳೆಯ ವಿದ್ಯಾರ್ಥಿ, ಪಾನೀಯದ ಉದ್ಯಮದಲ್ಲಿ ದುಡಿದ ಶತಕೋಟ್ಯಧಿಪತಿ, ಹಣದ ಬೆಂಬಲಕ್ಕೆ ನಿಂತಿದ್ದರು.

ಬೇರೆ ಬೇರೆ ಕಡೆಯಿಂದ ಬಂದ ಇಪ್ಪತ್ತು ದಾಟಿದ ಆಟಗಾರರು, ಒಂದು ವರ್ಷದ ಕರಾರು, ಹಿಂದೆ ಒಬ್ಬ ಧನಿಕ. ಇದು ಕಾಲೇಜು ತಂಡವೋ ಯುರೋಪಿನ ಕ್ಲಬ್ಬೋ? ಒಪ್ಪಂದದ ಭಾಷೆ, ವೃತ್ತಿಪರರ ಮನಸ್ಸು, ಬೇಗ ತಂಡ ಕಟ್ಟುವ ಕೆಲಸ ಪಿಟಿನೊ ಅವರಿಗೆ ಗೊತ್ತಿತ್ತು. ಬಾಸ್ಟನ್‌ನಲ್ಲಿ ಅವರನ್ನು ಕೆಡಿಸಿದ ಅವಸರ ಇಲ್ಲಿ ಗುಣವಾಯಿತು. ಪಂದ್ಯಗಳು 35ರ ಸುತ್ತಮುತ್ತ ಇರುವುದರಿಂದ ಕಾಲುಗಳೂ ಉಳಿದವು, ಪ್ರೆಸ್ ಕೂಡ ಉಳಿಯಿತು. 31 ಗೆಲುವು ಬಂತು.

2025ರ ಮಾರ್ಚ್‌ನ 68 ತಂಡಗಳ ನಾಕೌಟ್‌ನಲ್ಲಿ ಸೇಂಟ್ ಜಾನ್ಸ್ ಆಡಿದ ಕೊನೆಯ ಪಂದ್ಯದ ಹೊತ್ತಿಗೆ ನಮ್ಮಲ್ಲಿ ನಡುರಾತ್ರಿ. ಫೋನ್ ಹಿಡಿದು ಕೂತಿದ್ದೆ. ಊರು ಪ್ರಾವಿಡೆನ್ಸ್, ಪಿಟಿನೊ ಮೊದಲು ಹೆಸರು ಮಾಡಿದ ಊರು. ಎದುರಾಳಿ ಆರ್ಕನ್ಸಾ, ಅದರ ಕೋಚ್ ಕ್ಯಾಲಿಪಾರಿ. ಎನ್‌ಬಿಎಯಲ್ಲಿ ಸೋತು ಬಂದ ಇಬ್ಬರು ಹಳೆಯ ಹುಲಿಗಳು ಎದುರುಬದುರು. ಮೂರು ಅಂಕದ ಗೆರೆಯನ್ನು ಮೊದಲ ದಿನದಿಂದಲೇ ನಂಬಿದ ಕೋಚ್‌ನ ತಂಡ ಆ ದಿನ ಗೆರೆಯಾಚೆಯಿಂದ 22 ಸಲ ಹೊಡೆದು ಎರಡನ್ನು ಮಾತ್ರ ಹಾಕಿತು. ಬಿಗ್ ಈಸ್ಟ್‌ನ ವರ್ಷದ ಆಟಗಾರ ಆರ್‌ಜೆ ಲೂಯಿಸ್ 17ರಲ್ಲಿ ಮೂರು ಹಾಕಿದ್ದರು. ಐದು ನಿಮಿಷದ ಹತ್ತಿರ ಉಳಿದಾಗ ಪಿಟಿನೊ ಅವರನ್ನು ಬೆಂಚಿಗೆ ಕರೆದರು. ಮತ್ತೆ ಕಳಿಸಲಿಲ್ಲ. 75-66. ಸೇಂಟ್ ಜಾನ್ಸ್ ಮನೆಗೆ.

ಗರಡಿಯ ಕಾಲದ ಹುಡುಗನಾಗಿದ್ದರೆ ಮುಂದಿನ ಬೆಳಗ್ಗೆ ಮತ್ತೆ ಅದೇ ಕೋಚ್ ಮುಂದೆ ಓಡಲು ಬರಬೇಕಿತ್ತು. ಲೂಯಿಸ್ ಕೆಲವೇ ದಿನಗಳಲ್ಲಿ ಡ್ರಾಫ್ಟ್‌ಗೂ ಹೆಸರು ಕೊಟ್ಟರು, ಬೇರೆ ಕಾಲೇಜಿಗೆ ಹೋಗುವ ಪಟ್ಟಿಗೂ ಹೆಸರು ಸೇರಿಸಿದರು.

ಇನ್ನೊಬ್ಬ ಹುಡುಗನ ದಾರಿಯೂ ಇಲ್ಲಿ ಮುಖ್ಯ. ಅಯೋನಾದಲ್ಲಿ ಪಿಟಿನೊ ಕೈಕೆಳಗೆ ಎರಡು ವರ್ಷ ಆಡಿದವರು ವಾಲ್ಟರ್ ಕ್ಲೇಟನ್. 2023ರಲ್ಲಿ ಕೋಚ್ ಸೇಂಟ್ ಜಾನ್ಸ್‌ಗೆ ಹೊರಟಾಗ ಕ್ಲೇಟನ್ ಅವರ ಹಿಂದೆ ಹೋಗಲಿಲ್ಲ. ತಮ್ಮ ತವರು ರಾಜ್ಯ ಫ್ಲೋರಿಡಾಕ್ಕೆ ಹೋದರು. 2025ರ ಏಪ್ರಿಲ್‌ನಲ್ಲಿ ಫ್ಲೋರಿಡಾ ರಾಷ್ಟ್ರೀಯ ಚಾಂಪಿಯನ್ ಆದಾಗ ಕೊನೆಯ ಹಂತದ ಶ್ರೇಷ್ಠ ಆಟಗಾರ ಅವರೇ. 1989ರಲ್ಲಾಗಿದ್ದರೆ ವರ್ಷ ಕೂತು ಕಾಯಬೇಕಿತ್ತು. ಕ್ಲೇಟನ್‌ಗೆ ಒಳ್ಳೆಯದೇ ಆಯಿತು. ಆದರೆ ಅಯೋನಾದಂಥ ಕಾಲೇಜಿನ ಬಗ್ಗೆ ನನಗೆ ಸಂಕಟ ಆಗುತ್ತದೆ. ಹುಡುಕಿ ತಂದು, ತಿದ್ದಿ, ಬೆಳೆಸಿದ ಮೇಲೆ ಹುಡುಗ ಹೋಗುತ್ತಾನೆ, ಕೋಚೂ ಹೋಗುತ್ತಾರೆ. ಮೊದಲು ಕೋಚ್ ಮಾತ್ರ ಹೋಗುತ್ತಿದ್ದರು.

ಕೋಚ್‌ಗಳ ದಾರಿಯೂ ಬದಲಾಗಿದೆ. 2024ರ ಜೂನ್‌ನಲ್ಲಿ ಲೇಕರ್ಸ್ ತಂಡ ಕನೆಕ್ಟಿಕಟ್‌ನ ಡ್ಯಾನ್ ಹರ್ಲಿ ಅವರಿಗೆ ಆರು ವರ್ಷಕ್ಕೆ 7 ಕೋಟಿ ಡಾಲರ್ ಕೊಡಲು ಮುಂದೆ ಬಂತು. ಆಗಷ್ಟೇ ಎರಡು ವರ್ಷ ಸತತ ಪ್ರಶಸ್ತಿ ಗೆದ್ದಿದ್ದವರು ಹರ್ಲಿ. ಬೇಡ ಎಂದರು. ಕನೆಕ್ಟಿಕಟ್ ಅವರಿಗೆ ಆರು ವರ್ಷಕ್ಕೆ 5 ಕೋಟಿ ಡಾಲರ್ ಕೊಟ್ಟಿತು. ಪಿಟಿನೊ ಕಾಲದಲ್ಲಿ ಎನ್‌ಬಿಎಗೆ ಹೋಗುವುದೆಂದರೆ ಬೇರೆಯೇ ಕೆಲಸಕ್ಕೆ ಹೋದ ಹಾಗೆ. ಈಗ ಎರಡೂ ಕಡೆ ಒಪ್ಪಂದ, ಏಜೆಂಟ್, ಸಂಬಳದ ಮಿತಿ. ಹಾಗಿರುವಾಗ ಮಾತು ನಡೆಯುವ ಕಡೆಯೇ ಇರೋಣ ಅನ್ನಿಸುವುದು ಸಹಜ. ಇನ್ನೊಂದು ಕಡೆ ಈ ಹೊಸ ಲೋಕವೇ ಬೇಡ ಎಂದವರಿದ್ದಾರೆ. ವರ್ಜೀನಿಯಾದ ಟೋನಿ ಬೆನೆಟ್ 2024ರ ಅಕ್ಟೋಬರ್‌ನಲ್ಲಿ, ಸೀಸನ್ ಶುರುವಾಗಲು ಕೆಲವೇ ವಾರ ಇರುವಾಗ, 55ರ ವಯಸ್ಸಿಗೇ ಕೆಲಸ ಬಿಟ್ಟರು. ಈ ವಾತಾವರಣಕ್ಕೆ ತಾನು ಸರಿಯಾದ ಕೋಚ್ ಅಲ್ಲ ಎಂದು ನೇರವಾಗಿ ಹೇಳಿದರು. ನಾಲ್ಕು ವರ್ಷ ಒಬ್ಬ ಹುಡುಗನ ಜೊತೆ ಇದ್ದು ಅವನನ್ನು ಬೆಳೆಸುವುದೇ ಕೆಲಸ ಎಂದು ನಂಬಿದವರು ಅವರು. ಆ ನಷ್ಟ ಸಣ್ಣದಲ್ಲ. ರಪ್ ಅರೀನಾದ ಮಾಡಿನಲ್ಲಿರುವ ಆ ನಾಲ್ಕು ಜೆರ್ಸಿಗಳ ಹಾಗೆ ಇನ್ನೊಂದು ಸಾಲು ಎಲ್ಲೂ ಏರುವುದು ಇನ್ನು ಕಷ್ಟ.

ಲೂಯಿಸ್ ಡ್ರಾಫ್ಟ್‌ನಲ್ಲಿ ಆಯ್ಕೆಯಾಗಲಿಲ್ಲ. ಆಮೇಲೆ ಯೂಟಾ ಜಾಝ್ ತಂಡ ಅವರಿಗೊಂದು ಸಣ್ಣ ಒಪ್ಪಂದ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಜಾಝ್ ಅವರನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟಿತು. ಪಿಟಿನೊ ಕೊನೆಯ ಐದು ನಿಮಿಷ ಬೆಂಚಿನ ಮೇಲೆ ಕೂರಿಸಿದ ಆ ಹುಡುಗ ಹೋಗಿದ್ದು ಬಾಸ್ಟನ್ ಸೆಲ್ಟಿಕ್ಸ್‌ಗೆ. ಅಲ್ಲಿ ಅವರನ್ನು ಒಳಗೆ ಕರೆದುಕೊಂಡವರು ಬ್ರಾಡ್ ಸ್ಟೀವನ್ಸ್, ಬಟ್ಲರ್ ಕಾಲೇಜಿನ ಹಳೆಯ ಕೋಚ್.